ಅಜ್ಜಿ ಬೆಳೆದ ಕಾನ್ವೆಂಟ್ ಪತ್ತೆಹಚ್ಚಿ: ಗುಜರಾತಿನಲ್ಲಿ ಬೇರು ಹುಡುಕುವವರಿಗೆ ಗೆಲುವಿನ ಸೂತ್ರಗಳು

"ನಾನು ಸಿಸ್ಟರ್‌ಗಳ ಹತ್ತಿರ ಬೆಳೆದವಳು" ಎಂದಷ್ಟೇ ಹೇಳಿ ನಿಮ್ಮ ಅಜ್ಜಿ ಸುಮ್ಮನಾಗಿದ್ದಾರಾ? ಅಪ್ಪನ ಪಾಸ್‌ಪೋರ್ಟಿನಲ್ಲಿ ಹುಟ್ಟೂರು ಆಣಂದ್ ಎಂದಿದ್ದರೂ ಆ ಊರಲ್ಲಿ ಒಬ್ಬ ನೆಂಟನೂ ಗೊತ್ತಿಲ್ಲವಾ? ಇದು ಪತ್ತೆಯಾಗುವ ವಿಷಯ. ನೀವು ಸೂರತ್‌ನ ಬಟ್ಟೆ ಮಾರ್ಕೆಟ್‌ನಲ್ಲೋ ವಡೋದರಾದ ಕಾಲೇಜಿನಲ್ಲೋ ಅಹಮದಾಬಾದಿನ ಹೋಟೆಲ್ ಕೌಂಟರ್‌ನಲ್ಲೋ ಇರುವ ಕನ್ನಡಿಗರಾದರೆ ಅರ್ಧ ದಾರಿ ಆಗಲೇ ಸವೆದಿದೆ. "ಇಷ್ಟು ವರ್ಷ ಆದಮೇಲೆ ಏನು ಸಿಗುತ್ತೆ?" ಎಂಬ ಮಾತು ಬರೀ ಅಭ್ಯಾಸಬಲ. ಅದನ್ನು ಇವತ್ತೇ ಬಿಡಿ. ರಿಜಿಸ್ಟರ್ ಇಡುವುದು ಕ್ಯಾಥೊಲಿಕ್ ಧರ್ಮಸಭೆಯಲ್ಲಿ ಕಾನೂನು. ಎಲ್ಲಿ, ಯಾವ ವರ್ಷದ್ದು ಎಂದು ಕೇಳಲು ಕಲಿತರೆ ಉತ್ತರ ಬರುತ್ತದೆ.

1. ಮದುವೆಯಿಂದ ಶುರು ಮಾಡಿ, ಹುಟ್ಟಿನಿಂದಲ್ಲ.

ಹೆಚ್ಚಿನವರು ನೇರ ಅನಾಥಾಲಯದ ಬಾಗಿಲು ತಟ್ಟುತ್ತಾರೆ. ನೀವು ಹಾಗೆ ಮಾಡಬೇಡಿ. ಅಜ್ಜಿಯ ಮದುವೆ ಚರ್ಚಿನಲ್ಲಿ ಆಗಿದ್ದರೆ ಮೊದಲು ಆ ಧರ್ಮಕೇಂದ್ರಕ್ಕೆ ಹೋಗಿ. ಮದುವೆಗೆ ಮುನ್ನ ವಧೂವರರು ತಮ್ಮ ಜ್ಞಾನಸ್ನಾನದ ಸರ್ಟಿಫಿಕೇಟ್ ಕೊಡಬೇಕು. ಅದು ಮದುವೆ ಫೈಲಿನೊಳಗೆ ಉಳಿದಿರುತ್ತದೆ. ಯಾವ ಊರು, ಯಾವ ಚರ್ಚು, ಯಾವ ದಿನ ಎಂಬುದೆಲ್ಲ ಆ ಒಂದೇ ಹಾಳೆಯಲ್ಲಿ ಸಿಗಬಹುದು.

ಇದಕ್ಕೆ ತಿರುಗುದಾರಿಯೂ ಇದೆ. ಒಬ್ಬರ ದೃಢೀಕರಣ, ಮದುವೆ, ಸನ್ಯಾಸ ವ್ರತ ಎಲ್ಲವನ್ನೂ ಅವರ ಜ್ಞಾನಸ್ನಾನದ ದಾಖಲೆಯ ಅಂಚಿನಲ್ಲಿ ಬರೆಯಬೇಕೆಂದು ಚರ್ಚಿನ 1917ರ ಸಂಹಿತೆ ಹೇಳಿತ್ತು, 1983ರ ಸಂಹಿತೆಯ 535ನೇ ವಿಧಿಯೂ ಅದನ್ನೇ ಹೇಳುತ್ತದೆ. ಅಜ್ಜಿಯ ತಂಗಿಯನ್ನು ಹುಡುಕುತ್ತಿದ್ದೀರಾ? ಅವರ ಜ್ಞಾನಸ್ನಾನದ ಪುಟದ ಅಂಚು ನೋಡಿಸಿ. ಅವರು ಎಲ್ಲಿ, ಯಾರನ್ನು ಮದುವೆಯಾದರು ಎಂಬುದು ಅಲ್ಲೇ ಇರುತ್ತದೆ. ಇಡೀ ಹುಡುಕಾಟದಲ್ಲಿ ಇದಕ್ಕಿಂತ ದೊಡ್ಡ ಶಾರ್ಟ್‌ಕಟ್ ಇಲ್ಲ. ಸರ್ಟಿಫಿಕೇಟ್ ಮಾತ್ರ ಕೇಳಿ ತೃಪ್ತಿಪಡಬೇಡಿ. "ಅಂಚಿನ ಟಿಪ್ಪಣಿ ಸೇರಿಸಿ ಪೂರ್ತಿ ನಮೂದಿನ ನಕಲು ಬೇಕು" ಎಂದು ಬರೆದುಕೊಡಿ.

2. ವರ್ಷವನ್ನು ಫಿಕ್ಸ್ ಮಾಡಿ.

ನಮ್ಮ ಹಿರಿಯರು 1876-78ರ ಬರವನ್ನು ಧಾತು ಈಶ್ವರ ಬರ ಎಂದಂತೆ ಗುಜರಾತಿನವರು 1899-1900ರ ಬರವನ್ನು ಛಪ್ಪನಿಯೋ ಎನ್ನುತ್ತಾರೆ. ಅದು ವಿಕ್ರಮ ಸಂವತ್ 1956. ಮಿಷನ್‌ಗಳು ಆಗ ಮಕ್ಕಳನ್ನು ದೊಡ್ಡ ಸಂಖ್ಯೆಯಲ್ಲಿ ತೆಗೆದುಕೊಂಡವು. ಅನೇಕ ಕ್ರೈಸ್ತ ಮನೆತನಗಳ ಕಥೆ ಅಲ್ಲಿಂದಲೇ ಹೊರಡುತ್ತದೆ.

ಸಂವತ್ ಕಂಡರೆ ಲೆಕ್ಕ ಹೀಗೆ ಹಾಕಿ: ಕಾರ್ತಿಕ ಶುದ್ಧ ಪಾಡ್ಯದಿಂದ ಡಿಸೆಂಬರ್ ಕೊನೆಯವರೆಗೆ 57 ಕಳೆಯಿರಿ. ಜನವರಿಯಿಂದ ದೀಪಾವಳಿ ಅಮಾವಾಸ್ಯೆಯವರೆಗೆ 56 ಕಳೆಯಿರಿ. ಅವರ ಹೊಸ ವರ್ಷ ನಮ್ಮ ಬಲಿಪಾಡ್ಯಮಿಯ ದಿನ, ಯುಗಾದಿಗಲ್ಲ. ತಿಂಗಳುಗಳು ಮಾತ್ರ ನಮ್ಮಂತೆಯೇ ಅಮಾವಾಸ್ಯೆಗೆ ಮುಗಿಯುತ್ತವೆ.

3. ಅಂದಿನ ನಕ್ಷೆ ಹಿಡಿದು ಹುಡುಕಿ.

ಇಂದಿನ ಜಿಲ್ಲೆಯ ಹೆಸರಿಟ್ಟುಕೊಂಡು ಹೋದರೆ ತಪ್ಪು ಕಚೇರಿಯಲ್ಲಿ ದಿನ ಕಳೆಯುತ್ತೀರಿ. ಅಹಮದಾಬಾದ್ ಮತ್ತು ಸೂರತ್ ನಗರಗಳು ಬ್ರಿಟಿಷರ ಬಾಂಬೆ ಪ್ರೆಸಿಡೆನ್ಸಿಯಲ್ಲಿದ್ದವು. ವಡೋದರಾ, ಅಂದರೆ ಬರೋಡಾ, ಗಾಯಕವಾಡರ ರಾಜಧಾನಿಯಾಗಿತ್ತು. ಆಣಂದ್ ಬ್ರಿಟಿಷರದು, ಅದರ ಪಕ್ಕದ ಪೇಟ್ಲಾದ್ ಗಾಯಕವಾಡರದು. ಸೂರತ್ ಸೀಮೆಯ ವ್ಯಾರಾ, ಸೋನ್‌ಗಢಗಳೂ ಬರೋಡಾ ಸಂಸ್ಥಾನಕ್ಕೇ ಸೇರಿದ್ದವು. ಹಾಗಾಗಿ ಮಗು ವ್ಯಾರಾದ್ದಾದರೆ ಸಂಸ್ಥಾನದ ಕಾಗದಕ್ಕೆ ವಡೋದರಾದಲ್ಲಿರುವ ರಾಜ್ಯ ಪತ್ರಾಗಾರದ ಕಚೇರಿ ನೋಡಿ. ಬ್ರಿಟಿಷ್ ಭಾಗದ್ದಾದರೆ ಮುಂಬೈಯ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ಮಹಾರಾಷ್ಟ್ರ ಪತ್ರಾಗಾರವನ್ನೂ ಪಟ್ಟಿಗೆ ಸೇರಿಸಿ. ಧಾರವಾಡ, ಬೆಳಗಾವಿ, ವಿಜಯಪುರದ ಹಳೆಯ ಕಡತ ಹುಡುಕುವವರ ದಾರಿಯೂ ಅದೇ. ಒಂದು ಕಾಲಕ್ಕೆ ಆ ಜಿಲ್ಲೆಗಳೂ ಅದೇ ಪ್ರೆಸಿಡೆನ್ಸಿಯಲ್ಲಿದ್ದವು.

ಬರೋಡಾ 1949ರ ಮೇ 1ರಂದು ಬಾಂಬೆ ಪ್ರಾಂತ್ಯಕ್ಕೆ ಸೇರಿತು. ಗುಜರಾತ್ ರಾಜ್ಯ ಹುಟ್ಟಿದ್ದು 1960ರ ಮೇ 1ರಂದು. ಆಮೇಲೂ ಗಡಿಗಳು ಸರಿದಿವೆ: ಖೇಡಾದಿಂದ ಆಣಂದ್ 1997ರಲ್ಲಿ, ಸೂರತ್‌ನಿಂದ ತಾಪಿ 2007ರಲ್ಲಿ, ವಡೋದರಾದಿಂದ ಛೋಟಾ ಉದೇಪುರ 2013ರಲ್ಲಿ ಬೇರೆಯಾದವು.

4. ಚರ್ಚಿನ ಗಡಿ ಬೇರೆ, ಅದನ್ನೂ ಬರೆದಿಟ್ಟುಕೊಳ್ಳಿ.

ಅಹಮದಾಬಾದ್ ಧರ್ಮಪ್ರಾಂತ್ಯ 1949ರದ್ದು, ಬರೋಡಾ 1966ರದ್ದು. ಸೂರತ್ ಬರೋಡಾ ಬಿಷಪರ ಕೆಳಗೆ ಬರುತ್ತದೆ. ಇದಕ್ಕೂ ಹಿಂದಿನದಕ್ಕೆ ಮುಂಬೈ ಆರ್ಚ್‌ಡಯಾಸಿಸ್ ಕಡೆ ತಿರುಗಿ. ಗುಜರಾತಿನ ಕ್ಯಾಥೊಲಿಕ್ ಮಿಷನ್ ಬೆಳೆದದ್ದೇ ಬಾಂಬೆಯ ಆಸರೆಯಲ್ಲಿ. ಮುಂಬೈಯ ಬಾಂದ್ರಾದ ಸೇಂಟ್ ಸ್ಟಾನಿಸ್ಲಾಸ್ ಶಾಲೆ 1863ರಲ್ಲಿ ಹುಡುಗರ ಅನಾಥಾಲಯವಾಗಿಯೇ ಶುರುವಾಯಿತು. ಹುಡುಗಿಯರ ವಿಷಯದಲ್ಲಿ ಡಾಟರ್ಸ್ ಆಫ್ ದಿ ಕ್ರಾಸ್ ಸಿಸ್ಟರ್‌ಗಳ ಹೆಸರು ನೆನಪಿಡಿ. ಬೆಲ್ಜಿಯಂನ ಲೀಯೆಜ್‌ನಲ್ಲಿ 1833ರಲ್ಲಿ ಹುಟ್ಟಿದ ಈ ಸಭೆ 1862ರಲ್ಲಿ ಕರಾಚಿಗೆ ಬಂತು, ಆಮೇಲೆ ಬಾಂದ್ರಾದಲ್ಲಿ ನೆಲೆಸಿತು.

ಮನೆಯೊಂದು ಮುಚ್ಚಿದೆ ಎಂದು ಕೇಳಿ ವಾಪಸ್ ಬರಬೇಡಿ. ಸಿಸ್ಟರ್‌ಗಳಿಗೆ ವರ್ಗಾವಣೆ ಆಗುತ್ತದೆ, ಮನೆಗಳು ಕೈ ಬದಲಾಗುತ್ತವೆ. ಸಭೆ ಮಾತ್ರ ಉಳಿಯುತ್ತದೆ. ಆ ಸಭೆಯ ಪ್ರಾವಿನ್ಶಿಯಲ್ ಹೌಸ್ ಎಲ್ಲಿದೆ ಎಂದು ಕೇಳಿ, ಅಲ್ಲಿಗೆ ಬರೆಯಿರಿ.

5. ಕ್ಯಾಥೊಲಿಕ್ ಹೌದಾ ಎಂದು ಖಚಿತ ಮಾಡಿಕೊಳ್ಳಿ.

ಮನೆಮಂದಿ "ಮಿಷನ್" ಎಂದರೆ ಸಾಲದು. ಐರಿಷ್ ಪ್ರೆಸ್ಬಿಟೇರಿಯನ್ನರು 1841ರಿಂದ ಗುಜರಾತಿನಲ್ಲಿದ್ದರು. ಮೆಥಡಿಸ್ಟರು, ಸಾಲ್ವೇಶನ್ ಆರ್ಮಿ, ಚರ್ಚ್ ಆಫ್ ದಿ ಬ್ರದರನ್ ಕೂಡ ಬರಗಾಲದ ಮಕ್ಕಳನ್ನು ಸಾಕಿದರು. ಜಪಮಾಲೆ, ಸಂತರ ಹೆಸರು, "ಸಿಸ್ಟರ್", "ಮದರ್" ಎಂಬ ನೆನಪುಗಳಿದ್ದರೆ ಕ್ಯಾಥೊಲಿಕ್ ದಾರಿ ಹಿಡಿಯಿರಿ. ಇಲ್ಲದಿದ್ದರೆ ಚರ್ಚ್ ಆಫ್ ನಾರ್ತ್ ಇಂಡಿಯಾದ ಗುಜರಾತ್ ಡಯಾಸಿಸ್‌ನಲ್ಲಿ ವಿಚಾರಿಸಿ. ಪ್ರೆಸ್ಬಿಟೇರಿಯನ್ ಮತ್ತು ಬ್ರದರನ್ ಪರಂಪರೆಗಳು 1970ರಲ್ಲಿ ಅದರೊಳಗೆ ಬಂದವು.

6. ಶಾಲೆಯ ಜನರಲ್ ರಿಜಿಸ್ಟರ್ ಬಿಡಬೇಡಿ.

ಅನಾಥಾಲಯ ಇದ್ದಲ್ಲಿ ಕಾಂಪೌಂಡಿನೊಳಗೇ ಶಾಲೆ ಇರುವುದು ಸಾಮಾನ್ಯ. ಶಾಲೆಯ ಜಿ.ಆರ್. ಪುಸ್ತಕದಲ್ಲಿ ಹುಟ್ಟೂರು, ಜಾತಿ, ಹಿಂದಿನ ಶಾಲೆ, ಸೇರಿದ ತಾರೀಖು ಇರುತ್ತದೆ. ಅಜ್ಜಿಯ ಟ್ರಂಕಿನಲ್ಲಿ ಹಳೆಯ ಎಲ್.ಸಿ. (ಶಾಲೆ ಬಿಟ್ಟ ಸರ್ಟಿಫಿಕೇಟ್) ಇದೆಯೇ ನೋಡಿ. ಅದರ ಮೇಲಿನ ಜಿ.ಆರ್. ನಂಬರ್ ಹೇಳಿದರೆ ಕ್ಲರ್ಕ್‌ಗೆ ಕೆಲಸ ಹಗುರ.

7. "ಅನಾಥೆ" ಎಂದು ನೀವೇ ತೀರ್ಮಾನಿಸಬೇಡಿ.

ಈ ಒಂದು ಊಹೆಯಿಂದ ಎಷ್ಟೋ ಹುಡುಕಾಟಗಳು ಶುರುವಾಗುವ ಮುನ್ನವೇ ಸಾಯುತ್ತವೆ. ಸಿಸ್ಟರ್‌ಗಳ ಬಳಿ ಬೆಳೆದ ಎಲ್ಲರೂ ಅಪ್ಪ ಅಮ್ಮ ಇಲ್ಲದವರಲ್ಲ. ಆಣಂದ್ ಸುತ್ತಲಿನ ಚರೋತರದ ಹಳ್ಳಿಗಳಿಂದ, ಸೂರತ್‌ನ ಪೂರ್ವದ ಆದಿವಾಸಿ ಊರುಗಳಿಂದ ಬಡ ತಾಯ್ತಂದೆಯರು ಮಕ್ಕಳನ್ನು ಓದಿಗಾಗಿ ಬೋರ್ಡಿಂಗ್‌ಗೆ ಕಳಿಸುತ್ತಿದ್ದರು. ತಾಯಿ ತೀರಿಕೊಂಡು ತಂದೆ ಮರುಮದುವೆಯಾದಾಗಲೂ ಮಗು ಕಾನ್ವೆಂಟಿಗೆ ಬಂದದ್ದುಂಟು. ಹಾಗಿದ್ದರೆ ಅಣ್ಣತಮ್ಮಂದಿರ ಮಕ್ಕಳು ಇವತ್ತೂ ಆ ಊರಲ್ಲೇ ಇರಬಹುದು. ಕೇಳುವಾಗ ಸ್ಪಷ್ಟವಾಗಿ ಕೇಳಿ: ಆರ್ಫನೇಜಾ, ಬೋರ್ಡಿಂಗಾ? ಬೋರ್ಡಿಂಗ್ ಎಂದರೆ ಹಳ್ಳಿಯ ಹೆಸರು ಎಲ್ಲೋ ಬರೆದಿದೆ ಎಂದೇ ನಂಬಿ ಮುಂದುವರಿಯಿರಿ.

8. ಹೆಸರಿನ ಎಲ್ಲ ರೂಪಗಳನ್ನೂ ಪಟ್ಟಿ ಮಾಡಿ.

ಗುಜರಾತಿನಲ್ಲಿ ಹೆಸರು ಮೂರು ತುಂಡು: ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಮದುವೆಯಾದಮೇಲೆ ನಡುವಿನ ಜಾಗಕ್ಕೆ ಗಂಡನ ಹೆಸರು ಬರುತ್ತದೆ. ಆದ್ದರಿಂದ ಮದುವೆಗೆ ಮುಂಚಿನ ರೂಪ ಹುಡುಕಿ. ಮಕವಾಣ, ಮೇಕವಾನ್, ಮೆಕ್ವಾನ್ ಒಂದೇ ಮನೆತನವಿರಬಹುದು. ಪರಮಾರ್, ರಾಥೋಡ್ ಕೂಡ ಸಾಮಾನ್ಯ. "ಕ್ರಿಶ್ಚಿಯನ್" ಎಂಬುದೇ ಅಲ್ಲಿ ಅಡ್ಡಹೆಸರು. ಗಾಮಿತ್, ಚೌಧರಿ, ವಸಾವಾ ಎಂದಿದ್ದರೆ ದಕ್ಷಿಣ ಗುಜರಾತಿನ ಆದಿವಾಸಿ ಊರುಗಳತ್ತ ಹೊರಡಿ.

ಗುಜರಾತಿ ಲಿಪಿ ಕಲಿಯಿರಿ. ತಲೆಗೆರೆ ಇಲ್ಲದ ದೇವನಾಗರಿ ಅದು, ಹಿಂದಿ ಓದುವವರಿಗೆ ಬೇಗ ಕೈಗೆ ಬರುತ್ತದೆ. ಹಳೆಯ ಚರ್ಚ್ ರಿಜಿಸ್ಟರ್ ಲ್ಯಾಟಿನ್‌ನಲ್ಲಿರಬಹುದು. ಫಿಲಿಯಾ ಎಂದರೆ ಮಗಳು, ನಾಟಾ ಎಂದರೆ ಹುಟ್ಟಿದವಳು, ಮಾಟ್ರಿನಾ ಎಂದರೆ ಜ್ಞಾನಮಾತೆ. ಜ್ಞಾನಮಾತೆಯ ಹೆಸರನ್ನು ತಪ್ಪದೆ ಬರೆದುಕೊಳ್ಳಿ, ಅವರ ಮನೆಯವರಿಗೆ ಮಗುವಿನ ಕಥೆ ಗೊತ್ತಿರಬಹುದು.

9. ದತ್ತು ಹೋದ ಮಗುವಾದರೆ ಕಾನೂನಿನ ದಾರಿಯಲ್ಲೇ ಹೋಗಿ.

ಕೇಂದ್ರದ 'ಕಾರಾ' ಸಂಸ್ಥೆಯ 2022ರ ದತ್ತು ನಿಯಮಗಳಲ್ಲಿ ರೂಟ್ ಸರ್ಚ್‌ಗೆ ಅವಕಾಶವಿದೆ. ದತ್ತು ಹೋದವರಿಗೆ 18 ತುಂಬಿದ್ದರೆ ತಾವೇ ಅರ್ಜಿ ಹಾಕಬಹುದು, ಚಿಕ್ಕವರಾದರೆ ದತ್ತು ತಂದೆತಾಯಿಯೂ ಸಹಿ ಮಾಡಬೇಕು. ಮೂರನೆಯವರು ಅರ್ಜಿ ಹಾಕುವಂತಿಲ್ಲ. ಅಂದರೆ ನೀವು ಒಡಹುಟ್ಟಿದವರೇ ಆಗಿದ್ದರೂ ಫೈಲ್ ಕೇಳುವ ಹಕ್ಕು ನಿಮಗಿಲ್ಲ. ಕೈಚೆಲ್ಲಬೇಡಿ. ನಿಮ್ಮ ಹೆಸರು, ವಿಳಾಸ, ಸಂಬಂಧ ಬರೆದ ಪತ್ರವನ್ನು ದತ್ತು ಕೊಟ್ಟ ಸಂಸ್ಥೆಯ ಫೈಲಿನಲ್ಲಿ ಸೇರಿಸಲು ಕೋರಿ. ದತ್ತು ಹೋದವರು ಹುಡುಕಿಕೊಂಡು ಬಂದ ದಿನ ಅದು ಸಿಗಲಿ. ಮಿಷನರೀಸ್ ಆಫ್ ಚಾರಿಟಿ 2015ರಲ್ಲಿ ಭಾರತದಲ್ಲಿ ದತ್ತು ಕೊಡುವುದನ್ನೇ ನಿಲ್ಲಿಸಿತು. ಅಲ್ಲಿಂದ ಅದಕ್ಕೂ ಮುಂಚೆ ದತ್ತು ಹೋದವರು ಕಾರಾಗೆ ಅರ್ಜಿ ಹಾಕಲಿ.

ಹಣ ಕೊಟ್ಟರೆ ಫೈಲ್ ತೆಗೆಸಿಕೊಡುತ್ತೇನೆ ಎನ್ನುವ ಏಜೆಂಟ್‌ಗೆ ಒಂದು ರೂಪಾಯಿ ಕೊಡಬೇಡಿ. ಆ ಫೈಲಿನಲ್ಲಿರುವುದು ತನ್ನ ಗುಟ್ಟನ್ನು ನಂಬಿಕೆಯಿಂದ ಒಪ್ಪಿಸಿದ ಒಬ್ಬ ತಾಯಿಯ ಬದುಕು.

10. ಸಿಸ್ಟರ್‌ಗಳ ಸಮಯಕ್ಕೆ ಬೆಲೆ ಕೊಡಿ.

ಒಂದು ಪುಟದ ಪತ್ರ ಬರೆಯಿರಿ: ಹೆಸರು, ಅಂದಾಜು ವರ್ಷ, ನಿಮ್ಮ ಸಂಬಂಧ, ಬೇಕಾದ ದಾಖಲೆ. ಅಜ್ಜಿ ಬದುಕಿದ್ದರೆ ಅವರ ಸಹಿಯ ಒಪ್ಪಿಗೆ ಪತ್ರ ಲಗತ್ತಿಸಿ. ತಮ್ಮ ಸ್ಥಿತಿಗತಿಯ ದಾಖಲೆಯ ನಕಲು ಪಡೆಯುವ ಹಕ್ಕು ಚರ್ಚಿನ ಕಾನೂನಿನಲ್ಲೇ ಅವರಿಗಿದೆ. ಅವರು ತೀರಿಹೋಗಿದ್ದರೆ ಮರಣಪತ್ರ ಮತ್ತು ನಿಮ್ಮವರೆಗಿನ ಸಂಬಂಧ ತೋರಿಸುವ ಕಾಗದ ಇಡಿ. ನಿಮ್ಮ ಮಾತೃಭಾಷೆಯನ್ನೂ ಪತ್ರದಲ್ಲಿ ಹೇಳಿ. ಮಂಗಳೂರು, ಉಡುಪಿ ಕಡೆಯಿಂದ ಹೋದ ಸಿಸ್ಟರ್‌ಗಳು ಗುಜರಾತಿನ ಕಾನ್ವೆಂಟ್‌ಗಳಲ್ಲಿ ಇದ್ದಾರೆ. ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ ಒಂದು ಫೋನ್ ಕರೆ ಬಂದರೆ ಎಷ್ಟೋ ಬಾಗಿಲು ಬೇಗ ತೆರೆಯುತ್ತದೆ.

11. ನೆಂಟರು ಸಿಕ್ಕರೆ ಮೊದಲು ಪತ್ರ, ಆಮೇಲೆ ಫೋನ್, ಕೊನೆಗೆ ಭೇಟಿ.

ಬಾಗಿಲಿಗೆ ನೇರ ಹೋಗಿ ನಿಲ್ಲಬೇಡಿ. ಆ ಮನೆಯಲ್ಲಿ ಈ ವಿಷಯ ಸೊಸೆಗೆ, ಮಕ್ಕಳಿಗೆ ಗೊತ್ತಿರದೆ ಇರಬಹುದು. ಮುಚ್ಚಿದ ಲಕೋಟೆಯಲ್ಲಿ ಅವರ ಹೆಸರಿಗೇ ಬರೆಯಿರಿ. ಆಸ್ತಿಯ ಮಾತು ಎತ್ತಬೇಡಿ, ನಿಮಗೆ ಏನೂ ಬೇಡ ಎಂಬುದನ್ನು ಮೊದಲ ಪ್ಯಾರಾದಲ್ಲೇ ಹೇಳಿ. ಅಜ್ಜಿಯ ಒಂದು ಫೋಟೋದ ಪ್ರತಿ ಇಡಿ. ಉತ್ತರ ಬರದಿದ್ದರೆ ಕೆಲವು ತಿಂಗಳು ಬಿಟ್ಟು ಇನ್ನೊಂದೇ ಪತ್ರ ಹಾಕಿ. ಬೇಡ ಎಂದು ಬರೆದರೆ ಅಲ್ಲಿಗೆ ನಿಲ್ಲಿಸಿ, ಹಳೆಯ ದಾಖಲೆಗಳ ಕಡೆ ಹಿಂತಿರುಗಿ. ಬನ್ನಿ ಎಂದರೆ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಮಾತು ಅವರೇ ಶುರು ಮಾಡಲಿ.