ಪಸ್ಕಹಬ್ಬವೂ ಕ್ರೈಸ್ತರೂ

ಪಸ್ಕಹಬ್ಬವು ಯೆಹೂದ್ಯರದು. ಐಗುಪ್ತದಲ್ಲಿ ಗುಲಾಮರಾಗಿ ಇಟ್ಟಿಗೆ ಮಾಡುತ್ತಿದ್ದ ತಮ್ಮ ಹಿರಿಯರು ಬಿಡುಗಡೆ ಹೊಂದಿದುದನ್ನು ಅವರು ಅಂದು ನೆನೆಯುತ್ತಾರೆ. ಹೊರಡುವ ಅವಸರದಲ್ಲಿ ಹಿಟ್ಟು ಹುಳಿಯೇಳುವಷ್ಟು ಹೊತ್ತಿರಲಿಲ್ಲ. ಅದಕ್ಕಾಗಿ ಹುಳಿಯಿಲ್ಲದ ರೊಟ್ಟಿ. ದಾಸ್ಯದ ಗುರುತಾಗಿ ಕಹಿಸೊಪ್ಪು.

ಇದರಲ್ಲಿ ಕ್ರೈಸ್ತರಿಗೇನು ಪಾಲು? ಯೇಸು ಹುಟ್ಟಿನಿಂದ ಯೆಹೂದ್ಯನು. ಮತ್ತಾಯ, ಮಾರ್ಕ, ಲೂಕರ ಪ್ರಕಾರ ಆತನು ಶಿಷ್ಯರೊಡನೆ ಮಾಡಿದ ಕಡೆಯ ಊಟವು ಪಸ್ಕದ ಊಟವೇ. ಎರಡನೆಯ ಶತಮಾನದಲ್ಲಿ ಏಷ್ಯಾ ಮೈನರಿನ ಕ್ರೈಸ್ತರು ಯೆಹೂದ್ಯರ ಪಸ್ಕದ ದಿನದಂದೇ ತಮ್ಮ ಹಬ್ಬವನ್ನೂ ಮಾಡುತ್ತಿದ್ದರು. ಕ್ರಿ.ಶ. 325ರ ನಿಸಿಯ ಸಭೆಯು ಈಸ್ಟರನ್ನು ಯೆಹೂದ್ಯರ ಎಣಿಕೆಯಿಂದ ಬೇರ್ಪಡಿಸಿತು.

ಆದರೂ ಬೇರು ಒಣಗಲಿಲ್ಲ. ಕೇರಳದ ಸಿರಿಯನ್ ಕ್ರೈಸ್ತರ ಮನೆಗಳಲ್ಲಿ ಶುಭ ಶುಕ್ರವಾರದ ಹಿಂದಿನ ರಾತ್ರಿ ಹುಳಿ ಬರಿಸದ ‘ಪೆಸಹಾ ಅಪ್ಪ’ ಮಾಡುತ್ತಾರೆ. ಮನೆಯ ಹಿರಿಯನು ಅದನ್ನು ಮುರಿದು, ತೆಂಗಿನಹಾಲು ಬೆಲ್ಲಗಳ ಪಾಕದೊಡನೆ ಎಲ್ಲರಿಗೂ ಹಂಚುತ್ತಾನೆ. ‘ಪೆಸಹಾ’ ಎಂದರೆ ಪಸ್ಕವೇ.

ಇಲ್ಲೊಂದು ವಿವೇಕವೂ ಬೇಕು. ಯೆಹೂದ್ಯರ ಇಂದಿನ ಪಸ್ಕದೂಟದ ಕ್ರಮವು ಬಹುಮಟ್ಟಿಗೆ ಕ್ರಿ.ಶ. 70ರಲ್ಲಿ ಯೆರೂಸಲೇಮಿನ ದೇವಾಲಯ ನಾಶವಾದ ಮೇಲೆ ರೂಪುಗೊಂಡದ್ದು. ಯೇಸು ಉಂಡದ್ದು ಹೀಗೆಯೇ ಎನ್ನಲಾಗದು. ಮೇಲಾಗಿ, ಇದೇ ಹಬ್ಬದ ನೆವದಿಂದ ಮಧ್ಯಯುಗದ ಯೂರೋಪಿನಲ್ಲಿ ಯೆಹೂದ್ಯರ ಮೇಲೆ ಸುಳ್ಳು ಅಪವಾದ ಹೊರಿಸಿ ಅವರನ್ನು ಕೊಂದದ್ದುಂಟು. ಆದುದರಿಂದ ಹಬ್ಬವನ್ನು ಕಿತ್ತುಕೊಂಡು ತನ್ನದೆನ್ನುವುದಕ್ಕಿಂತ, ಯೆಹೂದ್ಯರ ಮನೆಯಲ್ಲಿ ಅತಿಥಿಯಾಗಿ ಕುಳಿತು ಕಲಿಯುವುದು ಮೇಲು. ಋಣವನ್ನು ಒಪ್ಪಿಕೊಂಡು ಆಚರಿಸಿದರೆ ಮಾತ್ರ ಆಚರಣೆಗೆ ಅರ್ಥವಿದೆ.