ಗೋಳಿಪಲ್ಯದ ಪಾತರಗಿತ್ತಿ

ತಮ್ಮಾ, ಈ ಸೂಟಿಗೆ ನೀವು ನಾಲ್ವರು ಎರಡು ಬೈಕ್ ತಗೊಂಡು ಚೋರ್ಲಾ ಘಾಟಿಗೆ ಹೊರಟಿದ್ದೀರಿ ಅಂತ ನಿಮ್ಮವ್ವ ಹೇಳಿದಳು. ಹೊಸ ಕ್ಯಾಮೆರಾ ಕೊಂಡದ್ದನ್ನೂ ಹೇಳಿದಳು, ಕಂತಿನ ಲೆಕ್ಕ ಸಮೇತ. ಯಾರೂ ತೆಗೆಯದ ಅಪರೂಪದ ಚಿಟ್ಟೆಯ ಫೋಟೊ ಬೇಕು ಅನ್ನುವ ಆಸೆ ನಿನಗೆ. ಹೋಗಿ ಬಾ, ಬೇಡ ಅನ್ನುವುದಿಲ್ಲ. ಆದರೆ ಬೆಳಗಾವಿಯ ಉದ್ಯಮಬಾಗದಲ್ಲಿ 34 ವರ್ಷ ಕಾಸ್ಟಿಂಗ್ ಇನ್‌ಸ್ಪೆಕ್ಷನ್ ಮಾಡಿದ ಈ ಕಾಕಾ ಹೇಳುವುದನ್ನು ಒಂದಿಷ್ಟು ಕೇಳಿಕೊಂಡು ಹೋಗು.

ನಾನಿದ್ದ ಫೌಂಡ್ರಿಗೆ ಹತ್ತಿ ಒಂದು ಖಾಲಿ ಪ್ಲಾಟ್ ಇತ್ತು. ಸುಟ್ಟ ಮರಳಿನ ಗುಡ್ಡೆ, ತುಕ್ಕು ಹಿಡಿದ ಮೋಲ್ಡಿಂಗ್ ಬಾಕ್ಸು, ನಡುನಡುವೆ ಎಕ್ಕಿ ಗಿಡ, ಔಡಲ, ತಗಚಿ. ಮಳೆಗಾಲ ಮುಗಿಯುವ ಹೊತ್ತಿಗೆ ನೆಲದ ತುಂಬ ಗೋಳಿಪಲ್ಯ. ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಅಲ್ಲೇ ನೆರಳಿಗೆ ಕೂಡುತ್ತಿದ್ದೆವು. ಕಿತ್ತಳೆ ಬಣ್ಣದ ಪಾತರಗಿತ್ತಿಗಳು ನಮ್ಮ ಸುತ್ತಲೇ ಹಾರಾಡುತ್ತಿದ್ದವು. ಎಷ್ಟೋ ವರ್ಷ ಅವೆಲ್ಲ ಒಂದೇ ಜಾತಿ ಅಂದುಕೊಂಡಿದ್ದೆ. ದಿನಕ್ಕೆ ನೂರಾರು ಕಾಸ್ಟಿಂಗ್ ತಿರುವಿ ಬ್ಲೋ ಹೋಲ್ ಹುಡುಕುವ ಕಣ್ಣು, ಊಟಕ್ಕೆ ಕೂತಾಗ ಸುಮ್ಮನಿರುತ್ತಿತ್ತು ನೋಡು. ಒಂದು ದಿನ ಸುಮ್ಮನಿರಲಿಲ್ಲ. ಒಂದರ ಹಿಂದಿನ ರೆಕ್ಕೆಯಲ್ಲಿ ಮೂರು ನಾಲ್ಕು ಕಪ್ಪು ಚುಕ್ಕೆ. ಇನ್ನೊಂದಕ್ಕೆ ಒಂದೇ ಚುಕ್ಕೆ, ಅದೂ ಮೇಲಂಚಿನಲ್ಲಿ. ಉಳಿದದ್ದೆಲ್ಲ ಒಂದೇ ಪ್ಯಾಟರ್ನಿನಿಂದ ತೆಗೆದ ಹಾಗೆ!

ಬಹಳ ಚುಕ್ಕೆಯದು ಪ್ಲೇನ್ ಟೈಗರ್. ಅದರ ಹುಳು ಎಕ್ಕಿ ಎಲೆ ತಿಂದು ಬೆಳೆಯುತ್ತದೆ, ಎಕ್ಕಿಯ ವಿಷವನ್ನು ಮೈಯಲ್ಲೇ ಇಟ್ಟುಕೊಳ್ಳುತ್ತದೆ. ಒಮ್ಮೆ ಕಚ್ಚಿ ಪಾಠ ಕಲಿತ ಹಕ್ಕಿ ಮತ್ತೆ ಅದರ ತಂಟೆಗೆ ಹೋಗುವುದಿಲ್ಲ. ಒಂದೇ ಚುಕ್ಕೆಯದು ಡ್ಯಾನೈಡ್ ಎಗ್‌ಫ್ಲೈ, ಹೆಣ್ಣು. ಅದಕ್ಕೆ ಆ ವಿಷವಿಲ್ಲ, ವೇಷ ಮಾತ್ರ. ಗಂಡಂತೂ ಆ ಮನೆಯದೇ ಅಲ್ಲ ಅನ್ನುವ ಹಾಗಿರುತ್ತದೆ: ಕಪ್ಪು ರೆಕ್ಕೆ, ಬಿಳಿಯ ದುಂಡು ಬೊಟ್ಟು, ಬೊಟ್ಟಿನ ಸುತ್ತ ನೇರಳೆ ಹೊಳಪು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪಟ್ಟಿಯಲ್ಲಿ, ಹುಲಿ ಇರುವ ಪಟ್ಟಿಯಲ್ಲೇ, ಬಹುಕಾಲ ಈ ಚಿಟ್ಟೆಯ ಹೆಸರಿತ್ತು. ಅಂಥದರ ಹುಳು ಏನು ತಿನ್ನುತ್ತದೆ ಗೊತ್ತೇನು? ಗೋಳಿಪಲ್ಯ. ನಿಮ್ಮಾಯಿ ಬ್ಯಾಳಿ ಹಾಕಿ ಮಾಡಿ ರೊಟ್ಟಿಗೆ ಬಡಿಸುತ್ತಿದ್ದಳಲ್ಲ, ಅದೇ.

ಇದು ಗೊತ್ತಾಗುವ ಮೊದಲೇ ನನ್ನ ಕೈಯಿಂದ ತಪ್ಪಾಗಿ ಹೋಗಿತ್ತು. ಖಂಡೇನವಮಿಗೆ ಮಷೀನುಗಳ ಪೂಜೆ, ದೊಡ್ಡವರು ಬರುವವರಿದ್ದರು. ಪ್ಲಾಟ್ ಹಸನು ಮಾಡಿಸುವ ಕೆಲಸ ನನಗೆ ಬಂತು. ನಾಲ್ಕು ಆಳು ಹಚ್ಚಿ ಒಂದು ಕಡ್ಡಿ ಉಳಿಯದಂತೆ ಕೀಳಿಸಿದೆ. ಚಲೋ ಕೆಲಸ ಅಂತ ಬೆನ್ನು ತಟ್ಟಿಸಿಕೊಂಡೆ. ಆಮೇಲೆ ಅರ್ಧ ಪ್ಲಾಟಿಗೆ ಕಾಂಕ್ರೀಟು ಬಿತ್ತು. ಎಕ್ಕಿಗೆ ಸಾವಿಲ್ಲ, ಗೋಡೆಯ ಬುಡದಲ್ಲಿ ಮತ್ತೆ ಚಿಗುರಿತು. ಪ್ಲೇನ್ ಟೈಗರ್ ಬಂತು. ಗೋಳಿಪಲ್ಯ ಏಳಲಿಲ್ಲ. ಒಂದೇ ಚುಕ್ಕೆಯದನ್ನು ನಾನು ಅಲ್ಲಿ ಮತ್ತೆ ಕಾಣಲಿಲ್ಲ.

ಅದಕ್ಕೇ ಹೇಳುತ್ತೇನೆ, ಚಿಟ್ಟೆಯ ಬೆನ್ನು ಹತ್ತಬೇಡ, ಗಿಡ ಹುಡುಕು. ಹೂವಿಗೆ ಬರುವುದು ಬರೀ ಊಟಕ್ಕೆ. ಮೊಟ್ಟೆ ಇಡುವ ಗಿಡವೇ ಬೇರೆ. ನಮ್ಮ ಹಿತ್ತಲ ಕರಿಬೇವಿನ ಮೇಲೆ ಹಕ್ಕಿ ಹೇತ ಹಾಗೆ ಕಾಣುವ ಸಣ್ಣ ಹುಳು ಇರುತ್ತದೆ, ಬಲಿತರೆ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲು ಕೊಂಬು ಹೊರಹಾಕಿ ಘಾಟು ವಾಸನೆ ಬಿಡುತ್ತದೆ. ಅದು ಲೈಮ್ ಬಟರ್‌ಫ್ಲೈ. ನಿಮ್ಮವ್ವ ಅದನ್ನು ಚಿವುಟಿ ಹಾಕುತ್ತಾಳೆ. ಒಗ್ಗರಣೆಗೆ ನಾಲ್ಕೆಸಳು ಕಡಿಮೆಯಾದರೂ ನಡೆಯುತ್ತದೆ ಅಂತ ಅವಳಿಗೆ ಹೇಳುವ ಧೈರ್ಯ ನನಗಿಲ್ಲ, ನೀನೇ ಹೇಳು. ಮಾವಿನ ಎಲೆಯ ನಡುನರದ ಮೇಲೆ ಉದ್ದಕ್ಕೆ ಮಲಗಿ ಎಲೆಯೇ ಆಗಿಬಿಡುವ ಬ್ಯಾರನ್ ಹುಳುವನ್ನು ಹುಡುಕಿ ತೋರಿಸಿದ ದಿನ ನಿನ್ನ ಕಣ್ಣು ಪಾಸಾಯಿತು ಅಂತ ಸಹಿ ಹಾಕುತ್ತೇನೆ.

ನೌಕರಿ ಮಾಡುತ್ತಾ ಇದೆಲ್ಲ ಆಗುತ್ತದೇನು ಅಂತ ನೀನು ಕೇಳುತ್ತೀ. ನಮ್ಮ ಖಾನಾಪುರದ ಪಕ್ಕದ್ದೇ ಉತ್ತರ ಕನ್ನಡ ಜಿಲ್ಲೆ. ಬ್ರಿಟಿಷರ ಕಾಲದಲ್ಲಿ ಅಲ್ಲಿ ಡೇವಿಡ್‌ಸನ್ ಅಂತ ಕಲೆಕ್ಟರ್, ಬೆಲ್ ಅಂತ ಅರಣ್ಯ ಅಧಿಕಾರಿ, ಏಟ್ಕನ್ ಅಂತ ಉಪ್ಪು-ಸುಂಕದ ಇಲಾಖೆಯವ ಇದ್ದರು. ಮೂವರೂ ಸೇರಿ ಹುಳು ಸಾಕಿ, ಯಾವುದು ಯಾವ ಗಿಡ ತಿನ್ನುತ್ತದೆ ಅಂತ ಬರೆದಿಟ್ಟು, 1896ರಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಆ ಜಿಲ್ಲೆಯ ಚಿಟ್ಟೆಗಳ ಬಗ್ಗೆ ಪ್ರಕಟಿಸಿದರು. ಸಂಬಳ ಬರುತ್ತಿದ್ದುದು ಬೇರೆ ಕೆಲಸಕ್ಕೆ. ಬೆಲ್ ನಿವೃತ್ತನಾದ ಮೇಲೂ ಊರಿಗೆ ಹೋಗಲಿಲ್ಲ, ಕಾರವಾರದಲ್ಲೇ ಇದ್ದು 1948ರಲ್ಲಿ ಅಲ್ಲೇ ತೀರಿಕೊಂಡ. ಏಟ್ಕನ್ನನದು ಉಪ್ಪಿನ ಇಲಾಖೆ ಅನ್ನುವುದನ್ನು ನೆನೆದಾಗೆಲ್ಲ ನನಗೆ ನಗು ಬರುತ್ತದೆ. ಯಾಕೆಂದರೆ ಚಿಟ್ಟೆಗಳೂ ಉಪ್ಪಿನ ಹಿಂದೆಯೇ.

ಚೋರ್ಲಾ ದಾರಿಯಲ್ಲಿ ನಿನಗೆ ಮೊದಲು ಕಾಣುವುದೂ ಅದೇ. ಜಾಂಬೋಟಿ ದಾಟಿ ಕಣಕುಂಬಿಯ ಕಡೆ ಹೋಗುವಾಗ ರಸ್ತೆಯಂಚಿನ ಹಸಿ ಮಣ್ಣಿನ ಮೇಲೆ ಗುಂಪಾಗಿ ಕೂತಿರುತ್ತವೆ. ಹೆಚ್ಚಿನವು ಗಂಡು, ಹೂವಿನ ರಸದಲ್ಲಿ ಸಿಗದ ಉಪ್ಪನ್ನು ಕೆಸರಿನಿಂದ ಹೀರುತ್ತವೆ. ನೀನು ಬೆವರಿದ ಅಂಗಿ ಬಿಚ್ಚಿ ಬಂಡೆಯ ಮೇಲೆ ಹರವಿದರೆ ಅದರ ಮೇಲೂ ಬಂದು ಕೂಡುತ್ತವೆ. ಅಲ್ಲಿ ಬೈಕಿನ ವೇಗ ಇಳಿಸು. ಒಂದು ಗಾಲಿ ಹಾಯ್ದರೆ ಎಷ್ಟು ಸಾಯುತ್ತವೆ ಅಂತ ನಾನು ಎಣಿಸಿ ನೋಡಿದ್ದೇನೆ, ಹೇಳಲು ಮನಸ್ಸಿಲ್ಲ.

ಅಲ್ಲಿ ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಕಂಡೀತು: ಅಂಗೈಗಿಂತ ಅಗಲ, ಕಪ್ಪು ರೆಕ್ಕೆ, ಹಿಂದೆ ಬಂಗಾರದ ಹಳದಿ. ಮಹಾರಾಷ್ಟ್ರದ ರಾಜ್ಯ ಚಿಟ್ಟೆ ಬ್ಲೂ ಮಾರ್ಮನ್ ಕೂಡ ಇದೇ ಕಾಡಿನದು. ಒಬ್ಬರು ಪಾತರಗಿತ್ತಿ ಅಂತಾರೆ, ಒಬ್ಬರು ಫುಲಪಾಖರೂ ಅಂತಾರೆ. ಅವು ಮಾತ್ರ ಗಡಿಯ ಗೊಡವೆ ಇಲ್ಲದೆ ಹಾರುತ್ತವೆ. ನಮ್ಮ ಬೆಳಗಾವಿಯಲ್ಲಿ ಇಷ್ಟಾದರೂ ಜಗಳವಿಲ್ಲದೆ ನಡೆದಿದೆ ಅಂತ ಸಮಾಧಾನ.

ಬರ್ಡ್‌ವಿಂಗ್‌ನ ಹುಳುವಿಗೆ ಈಶ್ವರಿ ಬಳ್ಳಿಯೇ ಬೇಕು, ಇಲ್ಲವೆ ಅದರ ಹತ್ತಿರದ ನೆಂಟರು. ಹಾವು ಕಡಿತಕ್ಕೆ ಮದ್ದು ಅಂತ ಜನ ಈಶ್ವರಿಯ ಬೇರು ಅಗೆಯುತ್ತಾರೆ. ಅದರಲ್ಲಿರುವ ಆಮ್ಲ ಮೂತ್ರಪಿಂಡಕ್ಕೆ ಕೇಡು ಅಂತ ವೈದ್ಯರು ಹೇಳುತ್ತಾರೆ. ಹಾವು ಕಚ್ಚಿದರೆ ದವಾಖಾನೆಯ ದಾರಿ ಹಿಡಿಯಬೇಕು, ಬೇರಿನದಲ್ಲ. ಮಲಬಾರ್ ಬ್ಯಾಂಡೆಡ್ ಪೀಕಾಕ್ ಎಂಬ ಹಸಿರು ಪಟ್ಟಿಯ ಚೆಲುವೆಗೆ ತಿರಫಳದ ಮರ ಬೇಕು. ಮೀನಿನ ಸಾರಿಗೆ ಹಾಕುವ ಜುಮ್ಮನೆಯ ತಿರಫಳವೇ. ಕಾಂಡದ ತುಂಬ ಮುಳ್ಳು, ತೋಟದಲ್ಲಿ ಅಡ್ಡ ಬರುತ್ತದೆ ಅಂತ ಕಡಿಯಲು ಹೊರಟವರು ಸಿಕ್ಕರೆ ಒಂದು ಮಾತು ಆಡಿ ನೋಡು. ಕಾಯಿಗೆ ರೊಕ್ಕ ಬರುತ್ತದೆ ಅನ್ನುವುದೂ ಸುಳ್ಳಲ್ಲ.

ಹತ್ತಿರದ ಭೀಮಗಡ 2011ರಿಂದ ವನ್ಯಜೀವಿಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ನುಗ್ಗಬೇಡ. ರೆಕ್ಕೆ ಹಿಡಿಯಬೇಡ, ಬೆರಳಿಗೆ ಹತ್ತುವ ಆ ಪುಡಿ ಅದರ ಬಣ್ಣವೇ. ಫೋಟೊ ನಿಚ್ಚಳ ಬರಲಿ ಅಂತ ಚಿಟ್ಟೆಯನ್ನು ಡಬ್ಬಿಯಲ್ಲಿ ಹಾಕಿ ತಣ್ಣಗೆ ಮಾಡಿ ಕೂಡಿಸುವವರೂ ಇದ್ದಾರೆ. ಅಂಥವರ ಜೊತೆ ಕೂತು ಚಹಾ ಕುಡಿಯಬೇಡ. ಅಪರೂಪದ್ದು ಸಿಕ್ಕರೆ ಯಾವ ತಿರುವು, ಯಾವ ಹಳ್ಳ ಅಂತ ಊರಿಗೆಲ್ಲ ಸಾರಬೇಡ. ಗಿಡ ಮತ್ತು ತಾರೀಖು ನಿನ್ನ ವಹಿಯಲ್ಲಿರಲಿ.

ವಹಿ ಅಂದೆನಲ್ಲ. ಕ್ಯಾಮೆರಾಕ್ಕಿಂತ ಮೊದಲು ಅದನ್ನು ಕೊಳ್ಳಬೇಕಿತ್ತು ನೀನು. ದಿನ, ಹೊತ್ತು, ಜಾಗ, ಬಿಸಿಲೋ ಮೋಡವೋ, ಯಾವ ಗಿಡದ ಮೇಲೆ, ಎಷ್ಟು. ಕಾಣದಿದ್ದರೆ 'ಇಲ್ಲ' ಅಂತಲೂ ಬರೆ. ಪಾಸಾದ ಮಾಲಿನಷ್ಟೇ ರಿಜೆಕ್ಟ್ ಆದದ್ದನ್ನೂ ಬರೆಯದ ಇನ್‌ಸ್ಪೆಕ್ಟರ್ ನಮ್ಮಲ್ಲಿ ಒಂದು ತಿಂಗಳು ಉಳಿಯುತ್ತಿರಲಿಲ್ಲ. ಯಾವುದು ಅಪರೂಪ ಅಂತ ಹೇಳಬೇಕಾದರೆ ಸಾಮಾನ್ಯವಾದದ್ದು ಎಷ್ಟಿದೆ ಅಂತ ಯಾರೋ ಎಣಿಸಿರಬೇಕಲ್ಲ? ಟಿಳಕವಾಡಿಯ ವ್ಯಾಕ್ಸಿನ್ ಡೆಪೊದ ಮರಗಳ ನೆರಳಲ್ಲಿ ಎಷ್ಟೋ ಮಂದಿ ಬೆಳಿಗ್ಗೆ ವಾಕಿಂಗ್ ಮಾಡುತ್ತಾರೆ. ಹೆಜ್ಜೆ ಎಣಿಸುವವರೇ ಎಲ್ಲ, ಚಿಟ್ಟೆ ಎಣಿಸುವವರನ್ನು ನಾನು ಹುಡುಕುತ್ತಿದ್ದೇನೆ.

ಈಗ ಹಿಂದಿನ ರಸ್ತೆಯಲ್ಲಿ ಇನ್ನೊಂದು ಖಾಲಿ ಪ್ಲಾಟ್ ಸಿಕ್ಕಿದೆ. ಎಕ್ಕಿ ಇದೆ, ಗೋಡೆಗುಂಟ ಗೋಳಿಪಲ್ಯ ಹಬ್ಬಿದೆ. ವಾಚ್‌ಮನ್ ಪರಿಚಯದವ, ಕಿತ್ತು ಹಾಕಬೇಡಪ್ಪ ಅಂತ ಅವನಿಗೆ ತಂಬಾಕಿನ ಚೀಟಿ ಕೊಟ್ಟು ಹೇಳಿದ್ದೇನೆ. ಮಳೆ ನಿಂತ ಮೇಲೆ ಹದಿನೇಳು ದಿನ ಹೋಗಿ ನಿಂತು ನೋಡಿದೆ. ಪ್ಲೇನ್ ಟೈಗರ್ ದಿನಾ ಇವೆ. ಒಂದೇ ಚುಕ್ಕೆಯದರ ಮುಂದೆ ಹದಿನೇಳು ಸಲ 'ಇಲ್ಲ' ಅಂತ ಬರೆದಿದ್ದೇನೆ. ನನ್ನ ಕಣ್ಣಿಗೆ ಪೊರೆ ಬಂದು ಆಪರೇಷನ್ ಆಗಿದೆ, ನಿನ್ನದು ಚುರುಕು. ಚೋರ್ಲಾಕ್ಕೆ ಹೊರಡುವ ಹಿಂದಿನ ದಿನ ಒಂಬತ್ತರ ಬಿಸಿಲಿಗೆ ಆ ಪ್ಲಾಟಿನ ಗೇಟಿನ ಹತ್ತಿರ ಬಾ. ಚಹಾ ನಾನು ತರಿಸುತ್ತೇನೆ.