ಗಾಯಗೊಂಡ ಉಭಯಚರದ ಶುಶ್ರೂಷೆ: ಕಾಫಿ ತೋಟದಿಂದ ಗಾಜಿನ ತೊಟ್ಟಿಯವರೆಗೆ

ಕಪ್ಪೆಗಳ ದೂರದ ಬಂಧುವಾದ, ಬಾಲವುಳ್ಳ ಉಭಯಚರ ಸ್ಯಾಲಮ್ಯಾಂಡರ್‌ನ ಸಹಜ ನೆಲೆಯು ಭಾರತದಲ್ಲಿ ಡಾರ್ಜಿಲಿಂಗ್, ಸಿಕ್ಕಿಂ ಹಾಗೂ ಈಶಾನ್ಯದ ಬೆಟ್ಟಗಳಿಗೆ ಸೀಮಿತವಾಗಿದ್ದು, ಪಶ್ಚಿಮ ಘಟ್ಟದಲ್ಲಿ ಅದರ ಒಂದು ಪ್ರಭೇದವೂ ಇಲ್ಲ. ದಕ್ಷಿಣ ಕೊಡಗಿನ ಶ್ರೀಮಂಗಲದ ಸುತ್ತಲಿನ ಕಾಫಿ ತೋಟ ಮತ್ತು ಗದ್ದೆಗಳಲ್ಲಿ ಅದೇ ವರ್ಗಕ್ಕೆ ಸೇರಿದ ಕಪ್ಪೆ, ನೆಲಗಪ್ಪೆ ಮತ್ತು ಸಿಸಿಲಿಯನ್‌ಗಳು ಮಾತ್ರ ಮಳೆಗಾಲದುದ್ದಕ್ಕೂ ಕಣ್ಣಿಗೆ ಬೀಳುತ್ತವೆ. ಕಳೆ ಕತ್ತರಿಸುವ ಯಂತ್ರದ ಬ್ಲೇಡು, ಗುದ್ದಲಿಯ ಏಟು, ಬೆಕ್ಕಿನ ಹಲ್ಲು, ಕುಟ್ಟ ರಸ್ತೆಯಲ್ಲಿ ರಾತ್ರಿ ಓಡುವ ವಾಹನಗಳ ಚಕ್ರ ಇವುಗಳಿಂದ ಗಾಯಗೊಳ್ಳುವ ಈ ಜೀವಿಗಳಿಗೂ, ನಗರದ ಮನೆಗಳ ಗಾಜಿನ ತೊಟ್ಟಿಯಲ್ಲಿ ಸಾಕಲಾಗುವ ಮೆಕ್ಸಿಕೊ ಮೂಲದ ಆಕ್ಸೊಲಾಟಲ್ ಎಂಬ ಸ್ಯಾಲಮ್ಯಾಂಡರ್‌ಗೂ ಪ್ರಥಮ ಚಿಕಿತ್ಸೆಯ ತತ್ವ ಬಹುಮಟ್ಟಿಗೆ ಒಂದೇ ಆಗಿದೆ.

ಆ ತತ್ವದ ಮೂಲ ಚರ್ಮದಲ್ಲಿದೆ. ಉಭಯಚರದ ಚರ್ಮವು ಹೊದಿಕೆಯಷ್ಟೇ ಅಲ್ಲದೆ ಉಸಿರಾಟದಲ್ಲಿ ಪಾಲ್ಗೊಳ್ಳುವ, ನೀರು ಮತ್ತು ಲವಣಗಳನ್ನು ಒಳಕ್ಕೂ ಹೊರಕ್ಕೂ ಸಾಗಿಸುವ ಅಂಗವಾಗಿದ್ದು, ಕಪ್ಪೆಯು ಬಾಯಿಂದ ನೀರು ಕುಡಿಯದೆ ಮುಖ್ಯವಾಗಿ ಹೊಟ್ಟೆಯ ಕೆಳಭಾಗದ ಚರ್ಮದ ಮೂಲಕವೇ ಅದನ್ನು ಹೀರಿಕೊಳ್ಳುತ್ತದೆ. ಆದುದರಿಂದ ಮನುಷ್ಯರ ಗಾಯಕ್ಕೆ ಹಚ್ಚುವ ಡೆಟಾಲ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ಅರಿಶಿನ, ಸುಣ್ಣ ಇವುಗಳಲ್ಲಿ ಯಾವುದನ್ನು ಹಚ್ಚಿದರೂ ಅದು ಗಾಯದ ಮೇಲೆ ನಿಲ್ಲದೆ ಮೈಯೊಳಗೆ ಇಳಿಯುತ್ತದೆ. ನೋವು ನಿವಾರಕ ಬೆರೆತ ಮುಲಾಮುಗಳ ಅಪಾಯ ಇನ್ನೂ ಹೆಚ್ಚು. ಅಂಥ ಕೆಲವು ಮುಲಾಮುಗಳಲ್ಲಿರುವ ಬೆಂಜೊಕೇನ್ ಎಂಬ ಮರಗಟ್ಟಿಸುವ ವಸ್ತುವನ್ನು ಉಭಯಚರಗಳಿಗೆ ಅರಿವಳಿಕೆಯಾಗಿಯೂ ದಯಾಮರಣದ ಔಷಧವಾಗಿಯೂ ಪಶುವೈದ್ಯರು ಬಳಸುತ್ತಾರೆಂದರೆ ಉಳಿದದ್ದನ್ನು ಊಹಿಸಬಹುದು. ಅತಿಯಾದ ಉಪಚಾರವೇ ಇಲ್ಲಿ ಮೊದಲ ಶತ್ರು.

ಗುರುತಿಸುವುದು, ಎತ್ತಿಕೊಳ್ಳುವುದು

ಜೀವಿಯನ್ನು ಮುಟ್ಟುವ ಮೊದಲು ಅದಕ್ಕೆ ನಿಜವಾಗಿಯೂ ಸಹಾಯ ಬೇಕೇ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಹಗಲಿನಲ್ಲಿ ಎಲೆಯ ಮೇಲೆ ಕಾಲು ಮಡಚಿ ಕದಲದೆ ಕುಳಿತ ಮರಗಪ್ಪೆ ರೋಗಿಯಲ್ಲ, ಅದು ವಿಶ್ರಾಂತಿಯಲ್ಲಿರುತ್ತದೆ. ಗಂಟಲಿನ ಕೆಳಭಾಗ ಒಂದೇ ಸಮನೆ ಮಿಡಿಯುತ್ತಿದ್ದರೆ ಉಸಿರಾಟ ನಡೆದಿದೆ ಎಂದರ್ಥ. ಅಂಗಾತ ಬಿದ್ದ ಕಪ್ಪೆ ತಾನಾಗಿ ಮಗುಚಿಕೊಳ್ಳಲಾರದೆ ಹೋದರೆ, ಹಿಂಗಾಲು ಎಳೆದುಕೊಂಡು ಚಲಿಸಿದರೆ, ಚರ್ಮ ಒಣಗಿ ಕಸ ಮೆತ್ತಿಕೊಂಡಿದ್ದರೆ ಅಥವಾ ತೊಡೆ ಹಾಗೂ ಹೊಟ್ಟೆಯ ಅಡಿಭಾಗ ರಕ್ತ ಹೆಪ್ಪುಗಟ್ಟಿದಂತೆ ಕೆಂಪಾಗಿದ್ದರೆ ಮಾತ್ರ ಹಿಡಿಯುವುದು ಸರಿ.

ಸಿಸಿಲಿಯನ್ ವಿಷಯದಲ್ಲಿ ಗುರುತಿಸುವಿಕೆಯೇ ಅರ್ಧ ಶುಶ್ರೂಷೆ. ಕಾಲುಗಳಿಲ್ಲದ, ಮೈತುಂಬ ಉಂಗುರದಂಥ ಮಡಿಕೆಗಳುಳ್ಳ, ಲೋಳೆಯಿಂದ ಹೊಳೆಯುವ ಈ ಉಭಯಚರವು ತೇವದ ಮಣ್ಣಿನೊಳಗೆ ಬದುಕುವುದರಿಂದ ಗುಂಡಿ ತೋಡುವಾಗ ಅಥವಾ ಗೊಬ್ಬರದ ರಾಶಿ ಬಗೆಯುವಾಗ ಹೊರಬರುತ್ತದೆ ಮತ್ತು ಹಾವೆಂಬ ಭಯಕ್ಕೆ ಬಲಿಯಾಗುತ್ತದೆ. ಕೊಡಗಿನ ಹೆಸರನ್ನೇ ಹೊತ್ತ ಇಕ್ತಿಯೋಫಿಸ್ ಕೊಡಗುಎನ್ಸಿಸ್ ಎಂಬ, ಪಕ್ಕೆಯುದ್ದಕ್ಕೂ ಪಟ್ಟೆಯುಳ್ಳ ಪ್ರಭೇದವನ್ನು ವಿಜ್ಞಾನ ಲೋಕಕ್ಕೆ ವಿವರಿಸಿದ್ದು 2007ರಷ್ಟು ಈಚೆಗೆ. ಇವುಗಳಿಂದ ಮನುಷ್ಯರಿಗೆ ಅಪಾಯವಿಲ್ಲ. ಈ ಕುಲದ ಹೆಣ್ಣು ಮಣ್ಣಿನೊಳಗೆ ಮೊಟ್ಟೆಗಳ ಸುತ್ತ ಸುರುಳಿಯಾಗಿ ಮಲಗಿ ಕಾಯುವುದುಂಟು. ಅಂಥ ಗೂಡು ತೆರೆದುಕೊಂಡರೆ ಗಾಯವಿಲ್ಲದ ತಾಯಿಯನ್ನು ಎತ್ತದೆ ತೇವದ ಮಣ್ಣನ್ನು ಮೆಲ್ಲನೆ ಮುಚ್ಚಿಬಿಡುವುದೇ ಉಪಕಾರ.

ಎತ್ತಿಕೊಳ್ಳುವ ಕೈ ಒದ್ದೆಯಾಗಿರಬೇಕು, ಸಾಬೂನು, ಬೆವರು, ಸೊಳ್ಳೆ ನಿವಾರಕ ಅಥವಾ ಕೀಟನಾಶಕದ ಅಂಶ ಅದರಲ್ಲಿರಬಾರದು. ಪೌಡರ್ ಇಲ್ಲದ ಕೈಗವಸನ್ನು ಶುದ್ಧ ನೀರಿನಲ್ಲಿ ತೊಳೆದು ತೊಡುವುದು ಉತ್ತಮ. ನೆಲಗಪ್ಪೆಯ ಕಣ್ಣಿನ ಹಿಂಬದಿಯ ಉಬ್ಬು ಗ್ರಂಥಿಗಳು ವಿಷದ ಹಾಲನ್ನು ಸ್ರವಿಸುವುದರಿಂದ, ಅದನ್ನು ಮುಟ್ಟಿದ ಕೈಯನ್ನು ತೊಳೆಯುವ ತನಕ ಕಣ್ಣಿಗಾಗಲಿ ಬಾಯಿಗಾಗಲಿ ತಾಗಿಸಬಾರದು.

ನೀರು ಮತ್ತು ಪೆಟ್ಟಿಗೆ

ಮುಚ್ಚಳಕ್ಕೆ ಗಾಳಿಯಾಡುವಷ್ಟು ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿ ಸಾಕಾಗುತ್ತದೆ. ತೂತುಗಳನ್ನು ಒಳಗಿನಿಂದ ಹೊರಕ್ಕೆ ಕೊರೆದರೆ ಚೂಪಾದ ಅಂಚು ಜೀವಿಗೆ ತಾಗುವುದಿಲ್ಲ. ತಳಕ್ಕೆ ಬಣ್ಣವಿಲ್ಲದ, ಡಿಟರ್ಜೆಂಟ್ ವಾಸನೆಯಿಲ್ಲದ ಹತ್ತಿಬಟ್ಟೆಯನ್ನೋ ಅಡುಗೆಮನೆಯ ಪೇಪರ್ ಟವೆಲನ್ನೋ ಒದ್ದೆ ಮಾಡಿ ಹಾಸಬೇಕು. ತೆರೆದ ಗಾಯಕ್ಕೆ ಮಣ್ಣಿನ ಸೋಂಕು ತಗಲುವ ಕಾರಣ ಮಣ್ಣು ಹಾಕುವುದು ಬೇಡ. ಸಿಸಿಲಿಯನ್‌ಗೆ ಹುದುಗಿಕೊಳ್ಳಲು ಪೇಪರ್ ಟವೆಲನ್ನೇ ಹಲವು ಪದರ ಮಾಡಿ ಕೊಡಬಹುದು. ಡಬ್ಬಿಯನ್ನು ಬಿಸಿಲು, ಒಲೆ, ಬೆಕ್ಕು ಮತ್ತು ಗದ್ದಲದಿಂದ ದೂರವಿರುವ ತಂಪಾದ ಕತ್ತಲೆಯ ಮೂಲೆಯಲ್ಲಿಡಬೇಕು.

ಶ್ರೀಮಂಗಲದ ಕಡೆ ಬಾವಿ ಮತ್ತು ಊಟೆಯ ನೀರು ದೊರೆಯುವುದು ಅನುಕೂಲವೇ ಆದರೂ, ಅದನ್ನು ತುಂಬುವ ಪಾತ್ರೆಯ ಬಗ್ಗೆ ಎಚ್ಚರ ಅಗತ್ಯ. ಮೈಲುತುತ್ತು ಮತ್ತು ಸುಣ್ಣ ಬೆರೆಸಿ ತಯಾರಿಸುವ ಬೋರ್ಡೋ ದ್ರಾವಣವನ್ನು ಕಲಸಿದ ಡ್ರಮ್ಮು, ಸಿಂಪಡಣೆಗೆ ಬಳಸಿದ ಬಕೆಟ್ಟು ಇವುಗಳನ್ನು ಎಷ್ಟು ತೊಳೆದರೂ ಅಂಚಿನಲ್ಲಿ ನೀಲಿ ಪುಡಿಯ ಗೆರೆ ಉಳಿಯುವುದುಂಟು, ಮತ್ತು ತಾಮ್ರದ ಅಂಶವು ಉಭಯಚರಗಳಿಗೂ ಅವುಗಳ ಗೊದಮೊಟ್ಟೆಗಳಿಗೂ ವಿಷವಾಗಿದೆ. ಕಾಫಿ ಪಲ್ಪರ್‌ನಿಂದ ಹೊರಬರುವ ನೀರು ಹುಳಿಯಾಗಿಯೂ ಆಮ್ಲಜನಕ ಕುಗ್ಗಿದ್ದಾಗಿಯೂ ಇರುವುದರಿಂದ ಅದು ಸೇರುವ ತೋಡಿನ ನೀರನ್ನೂ ಬಳಸಬಾರದು. ನಲ್ಲಿ ನೀರಾದರೆ ಅಗಲವಾದ ಪಾತ್ರೆಯಲ್ಲಿ 24 ಗಂಟೆ ತೆರೆದಿಟ್ಟು ಕ್ಲೋರಿನ್ ಹೋಗಲು ಬಿಡಬೇಕು. ಲವಣಗಳೇ ಇಲ್ಲದ ಆರ್‌ಒ ನೀರಿನಲ್ಲಿ ಬಹುಹೊತ್ತು ಮುಳುಗಿಸಿಡುವುದು ಸಲ್ಲದು, ಏಕೆಂದರೆ ಅದರಿಂದ ಮೈಯ ಲವಣಗಳು ಹೊರಕ್ಕೆ ಸೋರಿಹೋಗುತ್ತವೆ.

ಒಣಗಿದ ಕಪ್ಪೆಯನ್ನು ಹೊಟ್ಟೆ ಮಾತ್ರ ನೆನೆಯುವಷ್ಟು ನೀರಿನಲ್ಲಿ ಕೂರಿಸಿ ಮೂಗಿನ ಹೊಳ್ಳೆ ನೀರಿನ ಮೇಲಿರುವಂತೆ ನೋಡಿಕೊಳ್ಳಬೇಕು. ನಿತ್ರಾಣಗೊಂಡ ನೆಲಗಪ್ಪೆ ಎರಡು ಅಂಗುಲ ನೀರಿನಲ್ಲೂ ಮುಳುಗಿ ಸಾಯಬಲ್ಲುದು.

ಗಾಯ ತೊಳೆಯುವ ಕ್ರಮ

ಮಣ್ಣು, ಎಲೆಯ ಚೂರು ಮೆತ್ತಿಕೊಂಡ ಗಾಯವನ್ನು ಉಜ್ಜದೆ, ಸೂಜಿ ತೆಗೆದ ಸಿರಿಂಜಿನಿಂದ ಹನಿಹನಿಯಾಗಿ ದ್ರವ ಹಾಯಿಸಿ ತೊಳೆಯಬೇಕು. ಔಷಧದ ಅಂಗಡಿಯಲ್ಲಿ ಸಿಗುವ ನಾರ್ಮಲ್ ಸಲೈನ್ ದ್ರಾವಣದಲ್ಲಿ ಶೇ 0.9ರಷ್ಟು ಉಪ್ಪಿದ್ದು, ಉಭಯಚರದ ಮೈದ್ರವಕ್ಕೆ ಅದು ಹೆಚ್ಚು ಸಾಂದ್ರವಾಗುತ್ತದೆ. ಎರಡು ಪಾಲು ಸಲೈನ್‌ಗೆ ಒಂದು ಪಾಲು ಕುದಿಸಿ ಆರಿಸಿದ ನೀರು ಸೇರಿಸಿದರೆ ಅದು ಶೇ 0.6ಕ್ಕೆ ಇಳಿದು ಬಳಸಲು ಯೋಗ್ಯವಾಗುತ್ತದೆ. ರಕ್ತ ಸುರಿಯುತ್ತಿದ್ದರೆ ಇದೇ ದ್ರವದಲ್ಲಿ ಅದ್ದಿದ ಗಾಜ್‌ಬಟ್ಟೆಯನ್ನು ಕೆಲವು ನಿಮಿಷ ಮೆಲ್ಲನೆ ಒತ್ತಿಹಿಡಿಯಬಹುದು. ಮುರಿದ ಕಾಲಿಗೆ ಕಡ್ಡಿ ಕಟ್ಟುವುದು, ಅಂಟುಪಟ್ಟಿ ಹಚ್ಚುವುದು, ಹೊರಬಂದ ಕರುಳನ್ನು ಒಳಕ್ಕೆ ತಳ್ಳುವುದು ಮನೆಮಂದಿ ಮಾಡುವ ಕೆಲಸಗಳಲ್ಲ. ಮೊದಲ ದಿನ ಆಹಾರವನ್ನೂ ಕೊಡಬೇಕಾಗಿಲ್ಲ, ಅನ್ನ, ಹಾಲು, ಬ್ರೆಡ್ಡುಗಳನ್ನಂತೂ ಎಂದಿಗೂ ಕೊಡಬಾರದು. ಚೇತರಿಸಿಕೊಂಡ ಮೇಲೆ ಕಪ್ಪೆಗೆ ಔಷಧಿ ಸಿಂಪಡಿಸದ ಜಾಗದ ಕೀಟಗಳನ್ನೂ ಸಿಸಿಲಿಯನ್‌ಗೆ ಎರೆಹುಳುವನ್ನೂ ಬಿಟ್ಟು ನೋಡಬಹುದು.

ಮುಂಗಾರಿನಲ್ಲಿ ಮಲಬಾರ್ ಹಾರುವ ಕಪ್ಪೆಯು ನೀರಿನ ತೊಟ್ಟಿಯ ಮೇಲೆ ಬಾಗಿದ ಕೊಂಬೆಗಳಲ್ಲಿ ನೊರೆಯ ಗೂಡು ಕಟ್ಟುತ್ತದೆ, ಒಳಗಿನ ಮೊಟ್ಟೆಯೊಡೆದ ಗೊದಮೊಟ್ಟೆಗಳು ನೇರವಾಗಿ ಕೆಳಗಿನ ನೀರಿಗೆ ಉದುರುತ್ತವೆ. ಕೊಂಬೆ ಸವರುವಾಗ ಇಂಥ ಗೂಡು ನೆಲಕ್ಕೆ ಬಿದ್ದರೆ, ನೊರೆಯನ್ನು ಕೆರೆದು ತೆಗೆಯದೆ ಕಡಿದ ಕೊಂಬೆಯನ್ನು ಎಲೆಸಮೇತ ಅದೇ ತೊಟ್ಟಿಯ ಮೇಲೆ ನೆರಳಿನಲ್ಲಿ ಕಟ್ಟಿದರೆ ಸಾಕು.

ಸಾಕಿದ ಆಕ್ಸೊಲಾಟಲ್

ಜೀವಮಾನವಿಡೀ ನೀರಿನಲ್ಲೇ ಉಳಿಯುವ ಈ ಸ್ಯಾಲಮ್ಯಾಂಡರ್ ಕಳೆದುಕೊಂಡ ಕಾಲನ್ನೂ ಬಾಲದ ತುದಿಯನ್ನೂ ಮತ್ತೆ ಬೆಳೆಸಿಕೊಳ್ಳಬಲ್ಲುದಾದ್ದರಿಂದ, ಕಾಲು ತುಂಡಾದ ಮಾತ್ರಕ್ಕೆ ಗಾಬರಿಗೊಳ್ಳದೆ ನೀರಿನ ಗುಣಮಟ್ಟವನ್ನು ಕಾಪಾಡಿದರೆ ಗಾಯ ತಾನಾಗಿ ಮಾಯುತ್ತದೆ. ವಯಸ್ಕ ಕಪ್ಪೆಗೆ ಆ ಶಕ್ತಿಯಿಲ್ಲ. ಆಕ್ಸೊಲಾಟಲ್‌ನ ಕಾಯಿಲೆಗಳಲ್ಲಿ ಬಹುಪಾಲು ಬೆಚ್ಚಗಿನ, ಕೊಳಕಾದ ನೀರಿನಿಂದ ಬರುತ್ತವೆ. ನೀರಿನ ಉಷ್ಣತೆ 16ರಿಂದ 18 ಡಿಗ್ರಿ ಸೆಲ್ಸಿಯಸ್ ಇರುವುದು ಒಳ್ಳೆಯದು, ಕೊಡಗಿನಲ್ಲೂ ಮಾರ್ಚ್, ಏಪ್ರಿಲ್‌ನ ಹಗಲುಗಳಲ್ಲಿ ತಂಪುಗೊಳಿಸುವ ಏರ್ಪಾಡಿಲ್ಲದೆ ಇದು ಸಾಧ್ಯವಾಗದು. ಕಿವಿರಿನ ಮೇಲೆ ಹತ್ತಿಯಂಥ ಬಿಳಿ ಶಿಲೀಂಧ್ರ ಕಂಡರೆ ಜೀವಿಯನ್ನು ಪ್ರತ್ಯೇಕ ತೊಟ್ಟಿಗೆ ಹಾಕಿ, ದಿನವೂ ಅದೇ ಉಷ್ಣತೆಯ, ಕ್ಲೋರಿನ್‌ರಹಿತ ನೀರು ಬದಲಿಸಿ ಪಶುವೈದ್ಯರನ್ನು ಕಾಣಬೇಕು. ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿರುವ ಈ ಪ್ರಾಣಿಯನ್ನು ಸಾಕುವವರು 2024ರ ನಿಯಮಗಳಂತೆ ಪರಿವೇಶ್ ಜಾಲತಾಣದ ಮೂಲಕ ನೋಂದಣಿ ಮಾಡಿಸಿಕೊಳ್ಳುವುದು ಕಡ್ಡಾಯವಾಗಿದೆ.

ಬಿಡುಗಡೆ ಮತ್ತು ಶುಚಿತ್ವ

ಕಾಡಿನ ಮತ್ತು ತೋಟದ ಉಭಯಚರಗಳನ್ನು ಸಾಕುವ ಉದ್ದೇಶದಿಂದ ಇಟ್ಟುಕೊಳ್ಳಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡಬರುತ್ತದೆ. ಶ್ರೀಮಂಗಲದಲ್ಲಿ ಬ್ರಹ್ಮಗಿರಿ ವನ್ಯಜೀವಿ ಧಾಮಕ್ಕೆ ಸೇರಿದ ಅರಣ್ಯ ವಲಯವೇ ಇರುವುದರಿಂದ, ಒಂದು ರಾತ್ರಿಯಲ್ಲಿ ಚೇತರಿಸದ ಜೀವಿಯ ವಿಷಯವನ್ನು ಅಲ್ಲಿಗೆ ಅಥವಾ ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ತಿಳಿಸಬೇಕು. ಚೇತರಿಸಿದ್ದನ್ನು ಸಿಕ್ಕಿದ ಜಾಗದಲ್ಲೇ, ಸಂಜೆ ಹೊತ್ತಿನಲ್ಲಿ, ಸಾಧ್ಯವಾದರೆ ಮಳೆ ಬಿದ್ದ ಮೇಲೆ ಬಿಡಬೇಕು. ಇರ್ಪು ಜಲಪಾತದ ಬಳಿ ಚೆನ್ನಾಗಿರುತ್ತದೆಂದು ಅಲ್ಲಿಗೆ ಒಯ್ಯುವುದು ಸದುದ್ದೇಶದ ತಪ್ಪು.

ಈ ಕಟ್ಟುನಿಟ್ಟಿಗೆ ಕಾರಣ ಕೈಟ್ರಿಡ್ ಎಂಬ ಶಿಲೀಂಧ್ರ. ಉಭಯಚರಗಳ ಚರ್ಮವನ್ನು ದಪ್ಪವಾಗಿಸಿ, ಲವಣಗಳ ಸಮತೋಲನ ಕೆಡಿಸಿ, ಹೃದಯವನ್ನು ನಿಲ್ಲಿಸುವ ಈ ರೋಗಕಾರಕವನ್ನು 1999ರಲ್ಲಿ ಹೆಸರಿಸಲಾಯಿತು, ಪಶ್ಚಿಮ ಘಟ್ಟದಲ್ಲೂ ಅದು ಪತ್ತೆಯಾಗಿದೆ. ಅದರದೇ ಬಂಧುವಾಗಿದ್ದು ವಿಶೇಷವಾಗಿ ಸ್ಯಾಲಮ್ಯಾಂಡರ್‌ಗಳನ್ನು ಕೊಲ್ಲುವ ಇನ್ನೊಂದು ಶಿಲೀಂಧ್ರವನ್ನು ನೆದರ್‌ಲ್ಯಾಂಡ್ಸ್‌ನಲ್ಲಿ ಸತ್ತ ಸ್ಯಾಲಮ್ಯಾಂಡರ್‌ಗಳಿಂದ ಬೇರ್ಪಡಿಸಿ 2013ರಲ್ಲಿ ವಿವರಿಸಲಾಯಿತು. ಸಾಕುಪ್ರಾಣಿ ವ್ಯಾಪಾರವೇ ಅದರ ವಾಹಕವೆಂಬುದು ತಜ್ಞರ ಅಭಿಪ್ರಾಯ. ಆದ್ದರಿಂದ ಶುಶ್ರೂಷೆಗೆ ಬಳಸಿದ ಡಬ್ಬಿ, ಸಿರಿಂಜು, ಬೂಟುಗಳನ್ನು ಬ್ಲೀಚಿಂಗ್ ದ್ರಾವಣದಲ್ಲಿ ತೊಳೆದು ಪೂರ್ಣವಾಗಿ ಒಣಗಿಸಬೇಕು, ಒಂದು ಜೀವಿಯ ಬಟ್ಟೆಯನ್ನು ಇನ್ನೊಂದಕ್ಕೆ ಹಾಸಬಾರದು. ಆಕ್ಸೊಲಾಟಲ್ ತೊಟ್ಟಿಯ ನೀರನ್ನು ತೋಡಿಗಾಗಲಿ ಗದ್ದೆಗಾಗಲಿ ಲಕ್ಷ್ಮಣತೀರ್ಥ ಹೊಳೆಗಾಗಲಿ ಚೆಲ್ಲದೆ, ಬ್ಲೀಚಿಂಗ್ ಪುಡಿ ಬೆರೆಸಿಟ್ಟು ಮನೆಯ ಶೌಚಗುಂಡಿಗೆ ಸುರಿಯಬೇಕು.